ಹೊಳೆಯ ಆಚೆ ದಡದಲ್ಲಿ ಅಕ್ಕ

“ನಿಮ್ಮ ತಂಗಿ ನ್ಯೂಯಾರ್ಕಿನಲ್ಲಿ ಇದ್ದಾಳಂತಲ್ಲ, ಎಷ್ಟನೇ ಮಹಡಿಯಲ್ಲಿ ಮನೆ?” ಎಂದು ನಮ್ಮ ಸಾಗರದಲ್ಲಿ ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ. ತಂಗಿ ಇರುವುದು ನ್ಯೂಯಾರ್ಕ್ ಎಂಬ ರಾಜ್ಯದಲ್ಲಿ ಎನ್ನುವುದು ನಿಜವೇ. ಆದರೆ ಆ ದೊಡ್ಡ ಪಟ್ಟಣದಿಂದ ಉತ್ತರಕ್ಕೆ ಕಾರಿನಲ್ಲಿ ಆರು ಗಂಟೆಗೂ ಮೇಲ್ಪಟ್ಟ ದಾರಿ. ಬೆಟ್ಟ, ಕಾಡು, ಸರೋವರ ಎಲ್ಲ ದಾಟಿ, ಇನ್ನೇನು ಅಮೆರಿಕಾ ದೇಶವೇ ಮುಗಿದುಹೋಯಿತು ಅನ್ನುವಾಗ ಸಿಗುವ ಊರು ಅವಳದು. ಹೆಸರು ಪಾಟ್ಸ್‌ಡ್ಯಾಮ್. ಅಲ್ಲಿಂದ ಮುಕ್ಕಾಲು ಗಂಟೆ ಹೋದರೆ ಸೇಂಟ್ ಲಾರೆನ್ಸ್ ನದಿ. ನದಿಯ ಆಚೆ ದಡ ಕೆನಡಾ. ಮಹಡಿಯ ಮಾತು ಹಾಗಿರಲಿ, ತಂಗಿಯ ಮನೆಗೆ ಇರುವುದು ಒಂದು ಅಟ್ಟ ಮಾತ್ರ.

ಮೊದಲ ಸಲ ನಾನು ಅಲ್ಲಿಗೆ ಹೋದದ್ದು 2018ರ ಅಕ್ಟೋಬರಿನಲ್ಲಿ, ತಂಗಿಯ ಬಾಣಂತನಕ್ಕೆಂದು. ನಮ್ಮ ಅಮ್ಮನಿಗೆ ಮಂಡಿನೋವು, ಅಷ್ಟು ದೂರ ಕೂತು ಹೋಗುವ ಸ್ಥಿತಿಯಲ್ಲಿರಲಿಲ್ಲ. ಹಿರಿಮಗಳು ನಾನೇ ಹೊರಡಬೇಕಾಯಿತು. ಸೂಟ್‌ಕೇಸಿನ ತುಂಬ ಒಣಶುಂಠಿ, ಹಿಪ್ಪಲಿ, ಅಂಟು, ಹಳೇ ಸೀರೆಯ ಬಟ್ಟೆ. ನಮ್ಮವರು ತಮಾಷೆ ಮಾಡಿದರು, “ಅಮೆರಿಕಾಕ್ಕೆ ಹೋಗ್ತಿದ್ದೀಯೋ, ಗ್ರಂದಿಗೆ ಅಂಗಡಿ ಇಡೋಕೆ ಹೋಗ್ತಿದ್ದೀಯೋ?”

ಊರು ಪುಟ್ಟದು. 2020ರ ಗಣತಿಯಲ್ಲಿ ಎಂಟು ಸಾವಿರ ಚಿಲ್ಲರೆ ಜನ. ನಡುವೆ ರ‍್ಯಾಕೆಟ್ ಎಂಬ ಹೊಳೆ. ಇಷ್ಟು ಸಣ್ಣ ಊರಿಗೆ ಎರಡು ದೊಡ್ಡ ವಿದ್ಯಾಸಂಸ್ಥೆಗಳು. ಒಂದು ಕ್ಲಾರ್ಕ್‌ಸನ್ ವಿಶ್ವವಿದ್ಯಾಲಯ, ಇನ್ನೊಂದು ರಾಜ್ಯ ಸರಕಾರದ ಕಾಲೇಜು. ಹತ್ತು ಹನ್ನೊಂದು ಮೈಲಿ ಆಚೆ ಕ್ಯಾಂಟನ್ ಎಂಬ ಊರಿನಲ್ಲಿ ಮತ್ತೆರಡು. ಹಾಗಾಗಿ ಅಲ್ಲಿನ ಪಂಚಾಂಗವೇ ಬೇರೆ. ಆಗಸ್ಟ್ ಕೊನೆಗೆ ಮಕ್ಕಳು ಬಂದು ಇಳಿದರೆ ಊರಿಗೆ ಜೀವ. ಮೇ ತಿಂಗಳಲ್ಲಿ ಅವರು ಹೊರಟರೆ ಜಾತ್ರೆ ಮುಗಿದ ಮಾರನೇ ದಿನದ ಹಾಗೆ ಬೀದಿ ಭಣಭಣ. ಹೊರಡುವಾಗ ಮಂಚ, ಕುರ್ಚಿ, ದೀಪ ಎಲ್ಲ ರಸ್ತೆಯ ಅಂಚಿಗೆ ಇಟ್ಟು ಹೋಗುತ್ತಾರೆ, ಬೇಕಾದವರು ಎತ್ತಿಕೊಳ್ಳಬಹುದು. ತಂಗಿ ಮಗುವಿಗೆ ಹಾಲು ಕುಡಿಸುತ್ತಿದ್ದ ತೂಗುಕುರ್ಚಿ ಹೀಗೆ ಬಂದದ್ದೇ. ಮೊದಲು ನನಗೆ ನಾಚಿಕೆಯಾಯಿತು, ಬೀದಿಯದ್ದನ್ನು ಮನೆಗೆ ತರುವುದೇ ಎಂದು. ಆಮೇಲೆ ನಾನೇ ಒಂದು ಸಣ್ಣ ಮೇಜು ನೋಡಿ, “ತಂದುಬಿಡೋಣವೇನೇ?” ಅಂದೆ!

ಊರಿನ ಹಳೇ ಕಟ್ಟಡಗಳೆಲ್ಲ ಒಂದು ಬಗೆಯ ಕೆಂಪು ಮರಳುಗಲ್ಲಿನವು. ಆ ಕಲ್ಲಿಗೆ ಊರಿನದೇ ಹೆಸರು. ಇದೇ ಕಲ್ಲು ಗಡಿ ದಾಟಿ ಹೋಗಿ ಒಟ್ಟಾವಾದಲ್ಲಿ ಕೆನಡಾದ ಪಾರ್ಲಿಮೆಂಟು ಕಟ್ಟಡಗಳ ಕಮಾನುಗಳಲ್ಲಿ ಕುಳಿತಿದೆ. ಕ್ಲಾರ್ಕ್‌ಸನ್ ವಿದ್ಯಾಲಯದ ಕಥೆಯೂ ಈ ಕಲ್ಲಿನದೇ. ಥಾಮಸ್ ಕ್ಲಾರ್ಕ್‌ಸನ್ ಎಂಬವರಿಗೆ ಕಲ್ಲಿನ ಗಣಿಯಿತ್ತು. 1894ರಲ್ಲಿ ಒಬ್ಬ ಕೂಲಿಯವನ ಮೇಲೆ ಯಂತ್ರವೊಂದು ಬೀಳುವುದನ್ನು ಕಂಡು ಅವನನ್ನು ಆಚೆ ತಳ್ಳಿದರು, ತಾವೇ ಅದಕ್ಕೆ ಸಿಕ್ಕಿ ಕೆಲವು ದಿನಗಳಲ್ಲಿ ತೀರಿಕೊಂಡರು. ಅಣ್ಣತಮ್ಮಂದಿರ ನೆನಪಿಗೆ ನಮ್ಮಲ್ಲಿ ಕಟ್ಟೆ ಕಟ್ಟಿಸುತ್ತೇವೆ. ಆ ಸೋದರಿಯರು 1896ರಲ್ಲಿ ಶಾಲೆ ತೆರೆದರು. ಅದೇ ಬೆಳೆದು ಎಂಜಿನಿಯರುಗಳನ್ನು ತಯಾರಿಸುವ ವಿಶ್ವವಿದ್ಯಾಲಯವಾಗಿದೆ. ಅದಕ್ಕೂ ಹತ್ತು ವರ್ಷ ಮೊದಲು, 1886ರಲ್ಲಿ, ಜೂಲಿಯಾ ಕ್ರೇನ್ ಎಂಬ ಮಹಿಳೆ ಇದೇ ಊರಿನಲ್ಲಿ ಶಾಲೆಗಳಿಗೆ ಸಂಗೀತದ ಮೇಷ್ಟ್ರುಗಳನ್ನು ತಯಾರು ಮಾಡುವ ಸಂಸ್ಥೆ ಹೂಡಿದರು. ಈಗ ಅದು ಸರಕಾರಿ ಕಾಲೇಜಿನ ಭಾಗ. ಊರಿನ ಎರಡು ಹೆಸರಾಂತ ಸಂಸ್ಥೆಗಳೂ ಹೆಂಗಸರ ಕೈಯಿಂದಲೇ ಶುರುವಾದವು ಎಂದು ತಿಳಿದಾಗ ನನಗಂತೂ ಬಲು ಖುಷಿಯಾಯಿತು.

ಗಡಿಯ ಊರೆಂದರೆ ತಂತಿಬೇಲಿ, ಬಂದೂಕು ಎಂದು ನಾನು ಎಣಿಸಿದ್ದೆ. ಅಂಥದ್ದೇನೂ ಕಾಣಲಿಲ್ಲ. ಗಡಿ ಅಲ್ಲಿ ಅಡಿಗೆಮನೆಯೊಳಗೆ ಬಂದು ಕೂತಿರುತ್ತದೆ, ಅಷ್ಟೆ. ಬೆಳಿಗ್ಗೆ ರೇಡಿಯೋ ತಿರುಗಿಸಿದರೆ ಕೆನಡಾದವರು ಚಳಿಯನ್ನು ಸೆಲ್ಸಿಯಸ್ಸಿನಲ್ಲಿ ಹೇಳುತ್ತಾರೆ, ಇತ್ತಲಿನವರು ಫ್ಯಾರನ್‌ಹೀಟಿನಲ್ಲಿ. ಎರಡೂ ಲೆಕ್ಕ ಕೂಡುವುದು ಮೈನಸ್ 40ರಲ್ಲಿ ಮಾತ್ರವಂತೆ. ಅಷ್ಟರಲ್ಲಿ ಲೆಕ್ಕ ಕೇಳಲು ಯಾರು ಉಳಿದಿರುತ್ತಾರೋ! ನದಿಯ ಹತ್ತಿರ ಹೋದರೆ ಮೊಬೈಲು ತಾನಾಗಿಯೇ ‘ಕೆನಡಾಕ್ಕೆ ಸ್ವಾಗತ’ ಅನ್ನುತ್ತದೆ. ಕಾಲು ಇತ್ತ, ಫೋನು ಅತ್ತ.

ಕೆನಡಾದವರು ಪೆಟ್ರೋಲು, ಹಾಲು, ಚೀಸು ಅಗ್ಗವೆಂದು ಈ ಕಡೆಗೆ ಬರುತ್ತಿದ್ದರು. ಅಮೆರಿಕಾದ ಸಕ್ಕರೆ ಕಾಯಿಲೆಯವರಲ್ಲಿ ಕೆಲವರು ಇನ್ಸುಲಿನ್ ಅಗ್ಗವೆಂದು ಆ ಕಡೆಗೆ ಹೋಗುತ್ತಾರೆ. ಕಾಲೇಜು ಹುಡುಗರು ಹೋಗುವುದು ಬೇರೆ ಕಾರಣಕ್ಕೆ. ನ್ಯೂಯಾರ್ಕಿನಲ್ಲಿ 21 ವರ್ಷ ತುಂಬದೆ ಮದ್ಯ ಕೊಡುವಂತಿಲ್ಲ, ಒಂಟಾರಿಯೋದಲ್ಲಿ 19, ಕ್ವಿಬೆಕ್ಕಿನಲ್ಲಿ 18. ಹದಿನೆಂಟು ತುಂಬಿದ ಮಗನನ್ನು ಅಲ್ಲಿ ಓದಲು ಬಿಟ್ಟ ತಾಯಂದಿರ ಗತಿ ಏನಿರಬೇಕು ಯೋಚಿಸಿ. 2025ರಲ್ಲಿ ಎರಡು ದೇಶಗಳ ನಡುವೆ ಸುಂಕದ ಜಗಳ ಎದ್ದ ಮೇಲೆ ಕೆನಡಾದವರ ಬರುವಿಕೆ ಬಹಳ ಇಳಿಯಿತು. ಅಂಗಡಿಯ ಮುಂದೆ ಅತ್ತಲಿನ ನಂಬರು ಪ್ಲೇಟಿನ ಕಾರುಗಳೇ ಕಾಣೆವು ಎಂದು ತಂಗಿ ಫೋನಿನಲ್ಲಿ ಹೇಳಿದ್ದಳು.

ಇಷ್ಟೆಲ್ಲ ಹೇಳಿ ಒಟ್ಟಾವಾ ಅಕ್ಕನ ವಿಷಯ ಹೇಳದಿದ್ದರೆ ಹೇಗೆ? ನಮ್ಮ ದೊಡ್ಡಮ್ಮನ ಮಗಳು ಅವಳು. ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು ನಾವು. ಮದುವೆಯಾಗಿ ಕೆನಡಾಕ್ಕೆ ಹೋಗಿ ಅಲ್ಲಿಯ ಪ್ರಜೆಯೇ ಆಗಿದ್ದಾಳೆ. ತಂಗಿಯ ಮನೆಯಿಂದ ಅವಳ ಮನೆಗೆ ಎರಡು ಗಂಟೆಯ ದಾರಿ ಅಂದರೆ ಸಾಗರದಿಂದ ತೀರ್ಥಹಳ್ಳಿಗೆ ಹೋಗಿ ಬಂದ ಹಾಗೆ. ಆದರೆ ನನ್ನ ಪಾಸ್‌ಪೋರ್ಟಿನಲ್ಲಿ ಅಮೆರಿಕಾದ ವೀಸಾ ಇತ್ತೇ ಹೊರತು ಕೆನಡಾದ್ದು ಇರಲಿಲ್ಲ. ಅದು ಬೇರೆ, ಇದು ಬೇರೆ ಎಂದು ಹೊರಡುವಾಗ ನನಗೆ ಹೊಳೆಯಲೇ ಇಲ್ಲ. 2019ರ ಜನವರಿಯಲ್ಲಿ ಅಕ್ಕನ ಹೊಸ ಮನೆಯ ಗೃಹಪ್ರವೇಶ. ಎಷ್ಟೋ ವರ್ಷದ ಮೇಲೆ ಒಂದೇ ಕಡೆ ಸೇರುವ ಯೋಗ ಬಂದಿತ್ತು, ನಾನು ಮಾತ್ರ ಇಲ್ಲಿ ಕೂತು ಫೋನಿನಲ್ಲಿ ಹಾಲು ಉಕ್ಕುವುದನ್ನು ನೋಡಿದೆ. ಸಾವಿರಾರು ಮೈಲಿ ಹಾರಿ ಬಂದವಳು ಎರಡು ಗಂಟೆಯ ದಾರಿ ಹೋಗಲಾರದೆ ಕೂತಿದ್ದೆ.

ಅಕ್ಕನಿಗೆ ಆ ತೊಂದರೆ ಇಲ್ಲ. ಪಾಸ್‌ಪೋರ್ಟು ತೋರಿಸಿ ಸೇತುವೆ ದಾಟಿ ಬರುತ್ತಿದ್ದಳು. ಒಂದು ಸಲ ಅವಳ ಮನೆಯ ಕುಂಡದ ಕರಿಬೇವು ಒಂದು ಹಿಡಿ ತಂದಿದ್ದಳು. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ತರುವ ಹುಳು ಅದರಲ್ಲಿ ಬರುತ್ತದೆಂದು ಗಡಿಯಲ್ಲಿ ಎತ್ತಿಟ್ಟುಕೊಂಡರಂತೆ. ಆ ದಿನದ ಸಾರಿಗೆ ಒಗ್ಗರಣೆ ಬರೀ ಸಾಸಿವೆಯದೇ ಆಯಿತು.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ. ಎಪ್ಪತ್ತು ದಾಟಿದ್ದರೂ ತಾವೇ ಹಿಮ ಗುಡಿಸುವ ಗಟ್ಟಿಗಿತ್ತಿ. ನನ್ನದು ಎಸ್ಸೆಸ್ಸೆಲ್ಸಿ ಇಂಗ್ಲಿಷು, ಅವರದ್ದು ಬಾಯೊಳಗೇ ಅರ್ಧ ಉಳಿಯುವ ಇಂಗ್ಲಿಷು. ಆದರೂ ಮಾತಿಗೆ ಕೊರತೆಯಾಗಲಿಲ್ಲ. ಹಿಂದೆಲ್ಲ ಊಟಕ್ಕೆಂದು ಆಚೆ ದಡದ ಕಾರ್ನ್‌ವಾಲ್ ಊರಿಗೆ ಹೋಗಿ ಬರುತ್ತಿದ್ದರಂತೆ, ‘ಎಲ್ಲಿಯವರು’ ಎಂದು ಕೇಳಿ ಬಿಡುತ್ತಿದ್ದರಂತೆ. 2009ರ ಜೂನಿನಿಂದ ಪಾಸ್‌ಪೋರ್ಟೋ ಅಂಥದೇ ಬೇರೆ ಕಾಗದವೋ ಬೇಕೇ ಬೇಕೆಂದಾಯಿತು. 1998ರ ಜನವರಿಯಲ್ಲಿ ಬಿದ್ದ ಮಳೆ ಬಿದ್ದಲ್ಲೇ ಮಂಜುಗಡ್ಡೆಯಾಗಿ ಮರ, ಕಂಬ ಎಲ್ಲ ಮುರಿದು, ಗಡಿಯ ಎರಡೂ ಕಡೆ ವಾರಗಟ್ಟಲೆ ಕರೆಂಟಿಲ್ಲದೆ ಕಳೆದದ್ದನ್ನೂ ಹೇಳಿದರು. “ನಮ್ಮಲ್ಲಿ ಅದು ಪ್ರತಿ ಮಳೆಗಾಲದ ಕಥೆ” ಎಂದೆ. ಅವರು ನಂಬಿದರೋ ಇಲ್ಲವೋ!

ಮಾರ್ಚಿಯಲ್ಲಿ ಆ ಅಜ್ಜಿ ಮೇಪಲ್ ಮರದ ರಸ ಕಾಯಿಸುವ ಕಡೆಗೆ ನನ್ನನ್ನು ಕರೆದುಕೊಂಡು ಹೋದರು. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಸ್ವಲ್ಪ ಬಿಸಿಲು ಇದ್ದಾಗ ಮಾತ್ರ ಮರ ರಸ ಬಿಡುತ್ತದೆ. ಸುಮಾರು 40 ಲೀಟರು ರಸ ಬತ್ತಿಸಿದರೆ ಒಂದು ಲೀಟರು ಪಾಕ. ಆ ಹಬೆ, ಆ ವಾಸನೆ, ಸೌಟಿನಿಂದ ಎತ್ತಿ ನೋಡುವ ರೀತಿ, ಥೇಟ್ ನಮ್ಮ ಆಲೆಮನೆ. ಮನೆಗೆ ತಂದು ತೆಳ್ಳವಿನ ಜೊತೆ ಕೊಟ್ಟೆ. ಜೋನಿಬೆಲ್ಲಕ್ಕೆ ಸಮವಲ್ಲ ಎಂದು ನನ್ನ ಅಭಿಪ್ರಾಯ, ಆದರೆ ಅಜ್ಜಿಯ ಮುಂದೆ ಹೇಳಲಿಲ್ಲ.

ಇನ್ನೊಂದು ದಿನ ಅವರು ಒಂದು ಹಳೇ ಫೋಟೋ ತೋರಿಸಿದರು. ಅವರ ತಾಯಿಯ ತವರು ಆಚೆ ದಡದಲ್ಲಿ, ಆಲ್ಟ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಇತ್ತಂತೆ. ಈಗ ಆ ಹಳ್ಳಿ ಇಲ್ಲ. ದೊಡ್ಡ ಹಡಗುಗಳಿಗೆ ದಾರಿ ಮಾಡಲು, ವಿದ್ಯುತ್ತಿಗೆ ಅಣೆಕಟ್ಟು ಕಟ್ಟಲು 1958ರ ಜುಲೈ ಒಂದರಂದು ನೀರು ಬಿಟ್ಟರು. ಕೆನಡಾದ ದಡದ ಹಳ್ಳಿಗಳು ಸಾಲಾಗಿ ಮುಳುಗಿದವು, ಸುಮಾರು 6500 ಜನ ಮನೆ ಬಿಟ್ಟರು. ಕೆಲವು ಮನೆಗಳನ್ನು ಇಡಿಯಾಗಿ ಎತ್ತಿ ಗಾಡಿಯ ಮೇಲೆ ಸಾಗಿಸಿದರಂತೆ. ಆ ಅಣೆಕಟ್ಟಿನ ಮೇಲೆಯೇ ಗಡಿ ಹಾದುಹೋಗುತ್ತದೆ. 32 ಯಂತ್ರಗಳಲ್ಲಿ 16 ಅವರದು, 16 ಇವರದು.

ನಾನು ಫೋಟೋ ಹಿಡಿದು ಸುಮ್ಮನೆ ಕೂತೆ. ನಮ್ಮ ಅಮ್ಮನ ತವರೂ ನೀರಿನಡಿಯಲ್ಲೇ ಇದೆಯಲ್ಲ! 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವಾಗ ಅಮ್ಮ ಲಂಗ ತೊಡುವ ಹುಡುಗಿ. ಎಮ್ಮೆ ಹೊಡೆದುಕೊಂಡು ಗುಡ್ಡ ಹತ್ತಿ ಬಂದದ್ದನ್ನು ಇಂದಿಗೂ ಹೇಳುತ್ತಾಳೆ. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಅಜ್ಜಿಗೆ ಹೇಳಿದೆ. ಅವರು ನನ್ನ ಕೈ ಹಿಡಿದು, “ನಿಮ್ಮ ತಾಯಿ ಮತ್ತೆ ಹೋಗಿ ನೋಡಿದ್ದಾರೆಯೇ?” ಎಂದು ಕೇಳಿದರು. ಬೇಸಿಗೆಯಲ್ಲಿ ನೀರು ಇಳಿದಾಗ ಲಾಂಚಿನಲ್ಲಿ ಹೋಗುವಾಗ ದೂರದಿಂದ ಕೈ ಮುಗಿಯುತ್ತಾಳೆ ಎಂದೆ. ಅಂದಿನಿಂದ ಅವರು ನಮ್ಮವರೇ ಆಗಿಬಿಟ್ಟರು.

ಆ ಸ್ನೇಹ ನಾನು ವಾಪಸು ಬಂದ ಮೇಲೆ ಕೈ ಹಿಡಿಯಿತು. 2020ರ ಜೂನಿನಲ್ಲಿ ತಂಗಿಗೆ ಎರಡನೇ ಹೆರಿಗೆಯ ದಿನ. ನಾನು ಏಪ್ರಿಲಿನಲ್ಲಿ ಹೊರಡಬೇಕು, ನನಗೆ ಆಗದಿದ್ದರೆ ಅಕ್ಕ ಒಟ್ಟಾವಾದಿಂದ ಬಂದು ನಿಲ್ಲಬೇಕು ಎಂದು ಮಾತಾಗಿತ್ತು. ಮಾರ್ಚಿಯಲ್ಲಿ ಇಲ್ಲಿ ವಿಮಾನ ನಿಂತವು. ಮಾರ್ಚಿ 21ಕ್ಕೆ ಅಲ್ಲಿ ಗಡಿಯೂ ಮುಚ್ಚಿತು, ತೀರ ಅಗತ್ಯದ ಪ್ರಯಾಣ ಮಾತ್ರ ಎಂದರು. ಒಂದು ತಿಂಗಳಿಗೆ ಅಂತ ಮುಚ್ಚಿದ್ದು. ಪ್ರತಿ ತಿಂಗಳು 21 ಹತ್ತಿರ ಬಂದಾಗ ಮೂವರೂ ಫೋನಿಗೆ ಅಂಟಿಕೊಂಡು ಕಾಯುತ್ತಿದ್ದೆವು. ಪ್ರತಿ ಸಲವೂ ಇನ್ನೊಂದು ತಿಂಗಳು. ಸಾಮಾನಿನ ಲಾರಿಗಳು ಮಾತ್ರ ಎಂದಿನಂತೆ ಸೇತುವೆ ದಾಟುತ್ತಿದ್ದವು. ಟೊಮೆಟೊಗೆ ದಾರಿ ಉಂಟು, ಬಾಣಂತನಕ್ಕೆ ಹೊರಟ ಅಕ್ಕನಿಗೆ ಇಲ್ಲ! ವಿಚಿತ್ರವೆಂದರೆ ವಿಮಾನದಲ್ಲಿ ಕೆನಡಾದವರು ಬರಬಹುದಿತ್ತು. ಆದರೆ ವಾಪಸು ಹೋದ ಮೇಲೆ ಹದಿನಾಲ್ಕು ದಿನ ಯಾರ ಹತ್ತಿರವೂ ಸುಳಿಯುವಂತಿಲ್ಲ. ಅವಳ ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ, ಹಾಸಿಗೆ ಹಿಡಿದವರು. ಅವರನ್ನು ಬಿಟ್ಟು ಬಾ ಎಂದು ಯಾವ ಬಾಯಲ್ಲಿ ಹೇಳುವುದು?

ನೋವು ಶುರುವಾದ ರಾತ್ರಿ ಹಿರಿಮಗುವನ್ನು, ಇನ್ನೂ ಎರಡು ತುಂಬದ್ದನ್ನು, ಪಕ್ಕದ ಮನೆಯ ಅಜ್ಜಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದು ಎತ್ತಿಕೊಂಡು ಹೋದರು. ಆ ವಯಸ್ಸಿನಲ್ಲಿ, ಆ ಕಾಯಿಲೆಯ ಕಾಲದಲ್ಲಿ. ನನಗೆ ಇಲ್ಲಿ ಬೆಳಗಿನ ಹೊತ್ತು, ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಗೊತ್ತಾಗಲಿಲ್ಲ. ಗಂಡುಮಗು, ಇಬ್ಬರೂ ಕ್ಷೇಮ ಎಂಬ ಸುದ್ದಿ ಬಂದಾಗ ದೇವರ ಮುಂದೆ ಕೂತು ಅತ್ತುಬಿಟ್ಟೆ.

ಆಮೇಲಿನ ಬಾಣಂತನವೆಲ್ಲ ಫೋನಿನಲ್ಲಿ. ನಮಗೂ ಅವರಿಗೂ ಒಂಬತ್ತೂವರೆ ಗಂಟೆಯ ಅಂತರ. ನಾನು ಬೆಳಿಗ್ಗೆ ಎದ್ದು ಮುಖ ತೊಳೆಯುವಷ್ಟರಲ್ಲಿ ಅಲ್ಲಿ ಹಿಂದಿನ ರಾತ್ರಿ. ಮಗುವಿಗೆ ಎಣ್ಣೆ ಹಚ್ಚಿ ಎರೆಯುವವರು ಯಾರು? ತಂಗಿಯ ಯಜಮಾನರೇ. ಕಾಲೇಜಿನಲ್ಲಿ ದೊಡ್ಡ ದೊಡ್ಡ ಲೆಕ್ಕ ಕಲಿಸುವ ಪ್ರೊಫೆಸರು, ಕೂಸನ್ನು ಕಾಲ ಮೇಲೆ ಹಾಕಿಕೊಳ್ಳಲು ಕೈ ನಡುಗುತ್ತದೆ. ಕಡೆಗೆ ಅಟ್ಟದಲ್ಲಿ ಕಟ್ಟಿಟ್ಟಿದ್ದ ಒಂದು ದಪ್ಪ ಮೊಗೆಕಾಯಿ ಇಳಿಸಿ, ನಾನೇ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಗೆಕಾಯಿಯನ್ನು ಬೋರಲು ಹಾಕಿ, “ನೋಡಿ, ಹೀಗೆ ಕುತ್ತಿಗೆಗೆ ಆಧಾರ ಕೊಡಿ, ಹಣೆಯ ಮೇಲೆ ಕೈ ಅಡ್ಡ ಹಿಡಿದು ನೀರು ಬಿಡಿ” ಎಂದು ತೋರಿಸಿದೆ. ಫೋನು ಹಿಡಿದದ್ದು ನಮ್ಮವರು, ನಗು ತಡೆಯಲಾರದೆ ಫೋನನ್ನೇ ನೀರಿಗೆ ಹಾಕುತ್ತಿದ್ದರು. ವಾರದಲ್ಲಿ ಪ್ರೊಫೆಸರಿಗೆ ಕೈ ಬಂತು. ಮೊಗೆಕಾಯಿ ಆ ದಿನವೇ ಹುಳಿಯಾಯಿತು ಅನ್ನಿ.

ಅಕ್ಕ ಸುಮ್ಮನಿರುವವಳಲ್ಲ. ಬಾಣಂತಿ ಲೇಹ್ಯ ಕಟ್ಟಿ, ಸ್ಟೀಲು ಡಬ್ಬಿಗೆ ತುಂಬಿ ಟಪಾಲಿಗೆ ಹಾಕಿದಳು. ಎರಡು ಗಂಟೆಯ ದಾರಿಗೆ ಅದು ಮೂರು ವಾರ ತೆಗೆದುಕೊಂಡಿತು. ಮಗುವಿಗೆ ಮೂರು ತಿಂಗಳಾದಾಗ ಅವಳೇ ಒಂದು ಉಪಾಯ ತೆಗೆದಳು. ಆಗ್ಡೆನ್ಸ್‌ಬರ್ಗ್ ಎಂಬಲ್ಲಿ ಇತ್ತ ದಡಕ್ಕೆ ತಂಗಿ ಮಗುವನ್ನು ತರುವುದು, ಎದುರು ದಡದ ಪ್ರೆಸ್ಕಾಟ್ ಊರಿಗೆ ಅಕ್ಕ ಬರುವುದು. ನದಿ ಅಲ್ಲಿ ಸುಮಾರು ಎರಡು ಕಿಲೋಮೀಟರು ಅಗಲ. ಮುಖ ಕಾಣುವ ಮಾತೇ ಇಲ್ಲ. ಅಕ್ಕ ಮದುವೆಯ ಕೆಂಪು ಧಾರೆಸೀರೆ ಬಿಚ್ಚಿ ಹಿಡಿದು ಬೀಸಿದಳಂತೆ. “ಒಂದು ಕೆಂಪು ಚುಕ್ಕೆ ಕಂಡಿತು ಕಣೇ ಅಕ್ಕ, ಅದು ಅವಳೇ ಅಂತ ಅಂದುಕೊಂಡೆ” ಎಂದು ತಂಗಿ ಹೇಳುವಾಗ ಧ್ವನಿ ಒಡೆಯಿತು.

2021ರ ಆಗಸ್ಟಿನಲ್ಲಿ ಕೆನಡಾ ತನ್ನ ಕಡೆಯ ಬಾಗಿಲು ತೆರೆಯಿತು. ಆದರೆ ಅದು ಲಸಿಕೆ ಪಡೆದ ಅಮೆರಿಕಾದ ಪ್ರಜೆಗಳಿಗೂ ಕಾಯಂ ವಾಸದ ಹಕ್ಕಿರುವವರಿಗೂ ಮಾತ್ರ. ತಂಗಿಯದ್ದು ಇಂಡಿಯಾ ಪಾಸ್‌ಪೋರ್ಟು, ಕೆಲಸದ ವೀಸಾದ ಮನೆ. ಮತ್ತೆ ಕಾದರು. ನವೆಂಬರ್ 8ಕ್ಕೆ ಅಮೆರಿಕಾ ತೆರೆಯಿತು. ಆ ಶನಿವಾರವೇ ಅಕ್ಕ ಬಂದಳು. ಮಗುವಿಗೆ ಹದಿನೇಳು ತಿಂಗಳು. ಬಾಗಿಲಲ್ಲಿ ನಿಂತವಳ ಧ್ವನಿ ಕೇಳಿ ಅದು ಓಡಿಹೋಗಿ ಮೇಜಿನ ಮೇಲಿದ್ದ ಫೋನನ್ನು ತೆಗೆದುಕೊಂಡು ಬಂತಂತೆ, ದೊಡ್ಡಮ್ಮ ಅದರೊಳಗೆ ಇದ್ದಾಳೆಂದು.

ನಾನು ಪುನಃ ಹೋದದ್ದು 2023ರ ಬೇಸಿಗೆಯಲ್ಲಿ. ಈ ಸಲ ಬುದ್ಧಿ ಬಂದಿತ್ತು, ಎರಡೂ ದೇಶದ ವೀಸಾ ಮಾಡಿಸಿಕೊಂಡೇ ಹೊರಟೆ. ತಂಗಿ ಕೊಟ್ಟ ಸ್ಟೀಲು ಡಬ್ಬಿ ನನ್ನ ಮಡಿಲಲ್ಲಿತ್ತು, ಅದೇ ಲೇಹ್ಯದ ಡಬ್ಬಿ. ಖಾಲಿ ಡಬ್ಬಿ ಹಿಂದಿರುಗಿಸುವುದುಂಟೇ? ಸಾಗರದಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ ತುಂಬಿದ್ದೆ.

ಅಜ್ಜಿಯ ಮಾತಿನಂತೆ ಮಸೀನಾ ಊರಿನ ಕಡೆಯ ಸೇತುವೆಯಿಂದ ಹೋದೆವು. ಸೇತುವೆ ಮೊದಲು ನದಿಯ ನಡುವಿನ ದ್ವೀಪಕ್ಕೆ ಇಳಿಯುತ್ತದೆ. ಅದು ಮೊಹಾಕ್ ಎಂಬ ಮೂಲನಿವಾಸಿಗಳ ಅಕ್ವೆಸಾಸ್ನೆ. ಅವರ ನೆಲ ನ್ಯೂಯಾರ್ಕ್, ಒಂಟಾರಿಯೋ, ಕ್ವಿಬೆಕ್ ಮೂರರಲ್ಲೂ ಹರಡಿದೆ. ಅವರಿದ್ದದ್ದು ಮೊದಲು, ಗೆರೆ ಎಳೆದದ್ದು ಆಮೇಲೆ. ಅವರಲ್ಲಿ ವಂಶ ತಾಯಿಯ ಕಡೆಯಿಂದ, ಮುಖಂಡರನ್ನು ಆರಿಸುವ ಅಧಿಕಾರವೂ ಕುಲದ ಹಿರಿಯ ತಾಯಂದಿರದು. 2009ರಲ್ಲಿ ಕೆನಡಾ ತನ್ನ ಗಡಿ ಅಧಿಕಾರಿಗಳಿಗೆ ಬಂದೂಕು ಕೊಡಲು ಹೊರಟಾಗ ದ್ವೀಪದವರು ಒಪ್ಪಲಿಲ್ಲ. ಠಾಣೆಯನ್ನು ಆಚೆ ಕಾರ್ನ್‌ವಾಲಿಗೆ ಸಾಗಿಸಿದರು. ಅಂದಿನಿಂದ ಅಮೆರಿಕಾ ಕಡೆಯಿಂದ ಬರುವ ದ್ವೀಪದ ಹೆಂಗಸು ತನ್ನ ಮನೆಯನ್ನು ದಾಟಿಕೊಂಡು ಮುಂದಿನ ಸೇತುವೆಗೆ ಹೋಗಿ, ಠಾಣೆಯಲ್ಲಿ ವರದಿ ಒಪ್ಪಿಸಿ, ತಿರುಗಿ ಮನೆಗೆ ಬರಬೇಕಾಯಿತು. ಕೈಯಲ್ಲಿ ತರಕಾರಿ ಚೀಲ, ಎದುರಿಗೇ ಮನೆ ಬಾಗಿಲು, ಹೋಗುವಂತಿಲ್ಲ. ಆ ಮನೆಗಳನ್ನು ನೋಡುತ್ತಾ ಕೂತಾಗ ನನ್ನ ಎರಡು ಗಂಟೆಯ ದೂರು ಬಾಯಿಗೆ ಬರಲಿಲ್ಲ.

ಕಾರ್ನ್‌ವಾಲಿನ ಠಾಣೆಯಲ್ಲಿ ಒಬ್ಬ ಎಳೆಯ ಅಧಿಕಾರಿ ಕಿಟಕಿಗೆ ಬಗ್ಗಿ, ಎಲ್ಲಿಗೆ, ಏಕೆ, ಎಷ್ಟು ದಿನ ಎಂದು ಕೇಳಿದ. “ಅಕ್ಕನ ಮನೆಗೆ, ನಾಲ್ಕು ದಿನ” ಎಂದೆ. ಎದೆ ಡವಡವ. ಮಡಿಲಲ್ಲಿ ಏನು ಎಂದ. ನಾನು ಮುಚ್ಚಳ ತೆಗೆದು ಹಿಡಿದೆ. ಅವನು ಕುತೂಹಲಕ್ಕೆ ಮೂಗು ಹತ್ತಿರ ತಂದು ಎಳೆದುಕೊಂಡ ನೋಡಿ, ಇಂಗು, ಸಾಸಿವೆ, ಮೆಣಸು ಎಲ್ಲ ಒಟ್ಟಿಗೇ ಹೋಗಿರಬೇಕು. ಒಂದು, ಎರಡು, ಮೂರು ಸೀನು. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರೂ ಬಿದ್ದು ಬಿದ್ದು ನಕ್ಕರು. ಅವನು ಕಣ್ಣೊರೆಸಿಕೊಳ್ಳುತ್ತಾ ಪಾಸ್‌ಪೋರ್ಟುಗಳನ್ನು ವಾಪಸು ಕೊಟ್ಟು, ಮುಂದೆ ಹೋಗಿ ಎಂದು ಕೈ ಮಾಡಿದ.